ಪೆನ್ವಿಕ್‌ನ ನೋಟ್‌ಬುಕ್ ಓದಿದ ಬೇಸಿಗೆ

ಕಳೆದ ತಿಂಗಳು ಗೆಳೆಯನೊಬ್ಬನ ಮಗುವಿನ ನಾಮಕರಣಕ್ಕೆಂದು ದೋಹಾದ ಅಲ್ ಅಜೀಜಿಯಾಕ್ಕೆ ಹೋಗಿದ್ದೆ. ಮನೆ ಸಿಗದೆ ಎರಡು ಸುತ್ತು ಹಾಕಿ ಮೂರನೆಯ ಸುತ್ತಿನಲ್ಲಿ ಕಾರು ನಿಲ್ಲಿಸಿದರೆ, ಎದುರಿಗೆ ವಸಂತಿ ಅಕ್ಕ ಇದ್ದ ವಿಲ್ಲಾ. ಗೇಟಿಗೆ ಹೊಸ ಬಣ್ಣ ಬಂದಿತ್ತು. ಅವರಿದ್ದ ಪಕ್ಕದ ಭಾಗದ ಬಾಗಿಲಿಗೆ ಯಾರದೋ ಮಕ್ಕಳ ಸೈಕಲ್ ಒರಗಿಸಿತ್ತು. ಎಸಿಯಿಂದ ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕ ಮಬ್ಬಾಯಿತು. ಆಗಸ್ಟ್ ಕಳೆದ ಮೇಲೆ ಇಲ್ಲಿ ಸೆಕೆಗಿಂತ ತೇವದ ಕಾಟ ಹೆಚ್ಚು. ಅಂಗಿಯ ಅಂಚಿನಿಂದ ಕನ್ನಡಕ ಒರೆಸುತ್ತ ನಿಂತವನಿಗೆ ಮೂರು ವರ್ಷದ ಹಿಂದಿನ ಆ ಬೇಸಿಗೆ ನೆನಪಾಯಿತು. ಜೊತೆಗೆ, ತೀರಿತು ಎಂದುಕೊಂಡಿದ್ದ ಸಿಟ್ಟೂ ಬಂತು. ಅದು ಯಾರ ಮೇಲಿನ ಸಿಟ್ಟು ಎಂದು ಈಗಲೂ ಸರಿಯಾಗಿ ಹೇಳಲಾರೆ.

ಆ ವರ್ಷ ನಾನು ನಗರದಂಚಿನ ಮುಐದರ್‌ನಲ್ಲಿ ಆರು ಜನರ ಜೊತೆ ಒಂದು ವಿಲ್ಲಾ ಹಂಚಿಕೊಂಡಿದ್ದೆ. ಹೆಂಡತಿ ಸುಧಾ, ಮಗಳು ಹುಬ್ಬಳ್ಳಿಯಲ್ಲಿದ್ದರು. ಕಟ್ಟಡ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೆ. ಯಾವ ನಕ್ಷೆ ಯಾವ ದಿನ ಬಂತು, ಯಾರು ಸಹಿ ಹಾಕಿದರು, ಹಳೆಯದು ಯಾವುದು, ಹೊಸದು ಯಾವುದು ಎಂದು ನೋಡಿ ಫೈಲು ಮಾಡುವುದು ನನ್ನ ಕೆಲಸ. ಅದಕ್ಕೂ ಮುಂಚೆ ಹುಬ್ಬಳ್ಳಿಯ ಒಂದು ಸಣ್ಣ ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಪತ್ರಿಕೆ ಮುಚ್ಚಿತು, ನಾನು ಇಲ್ಲಿಗೆ ಬಂದೆ. ಬರುವಾಗ ಬಟ್ಟೆಗಳ ನಡುವೆ ಇಟ್ಟುಕೊಂಡು ಬಂದದ್ದು ಒಂದೇ ಪುಸ್ತಕ. ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ, ಬೆನ್ನು ಹರಿದ ಇಂಗ್ಲಿಷ್ ಜೀವನಚರಿತ್ರೆ. ನಮ್ಮ ಕರಾವಳಿಯಲ್ಲಿ ಅಚ್ಚುಕೂಟ ನಡೆಸಿದ ಒಬ್ಬ ಇಂಗ್ಲಿಷ್ ಪಾದ್ರಿಯ ಕಥೆ ಅದು. ಬರೆದವನು ಜೊಸಾಯಾ ಪೆನ್ವಿಕ್.

ಪಾದ್ರಿಗಿಂತ ಪೆನ್ವಿಕ್‌ನೇ ನನ್ನನ್ನು ಹಿಡಿದ. ವಿಕ್ಟೋರಿಯಾ ರಾಣಿಯ ಕಾಲದ ಪತ್ರಕರ್ತ. ಇಂಗ್ಲೆಂಡಿನ ಉತ್ತರದಲ್ಲಿ ಗಿರಣಿಗಳಿದ್ದ ಒಂದು ಊರಲ್ಲಿ ಮೇಣದಬತ್ತಿ ಮಾರುವವನ ಮಗ. ಹನ್ನೆರಡಕ್ಕೆ ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪೊಟ್ಟಣ ಕಟ್ಟುವ ಕಾಗದದ ಮೇಲೆ ಶೀಘ್ರಲಿಪಿ, ಅಂದರೆ ಶಾರ್ಟ್‌ಹ್ಯಾಂಡ್ ಕಲಿತ. ಹತ್ತೊಂಬತ್ತಕ್ಕೆ ಊರಿನ ಪತ್ರಿಕೆಯ ವರದಿಗಾರ. ಕೋರ್ಟು, ಪುರಸಭೆ, ಗಣಿ ಕುಸಿದು ಸತ್ತವರ ವಿಚಾರಣೆ, ಎಲ್ಲ ಕಡೆಗೂ ಅವನನ್ನೇ ಕಳಿಸುತ್ತಿದ್ದರು, ಯಾಕೆಂದರೆ ಅವನಷ್ಟು ವೇಗವಾಗಿ ಬರೆದುಕೊಳ್ಳುವವರು ಆ ಜಿಲ್ಲೆಯಲ್ಲಿ ಇರಲಿಲ್ಲ. ಮುಂದೆ ಲಂಡನ್ನಿಗೆ ಹೋಗಿ ಪಾರ್ಲಿಮೆಂಟಿನ ವರದಿಗಾರರ ಗ್ಯಾಲರಿಯಲ್ಲಿ ಇಪ್ಪತ್ತು ವರ್ಷ ಕೂತ. ನಡುವಯಸ್ಸು ದಾಟಿದ ಮೇಲೆ ಒಂದು ಧಾರ್ಮಿಕ ಪ್ರಕಾಶನದವರಿಗಾಗಿ ಜೀವನಚರಿತ್ರೆ ಬರೆಯತೊಡಗಿದ. ಸೇತುವೆ ಕಟ್ಟಿದ ಎಂಜಿನಿಯರ್, ಜ್ವರದ ಆಸ್ಪತ್ರೆ ನಡೆಸಿದ ವೈದ್ಯ, ಯುದ್ಧ ಸೋತ ಸೇನಾಪತಿ, ಪರದೇಶಕ್ಕೆ ಹೋದ ಪಾದ್ರಿಗಳು, ಹೀಗೆ ಹನ್ನೊಂದು ಜನರ ಬದುಕು ಬರೆದ. ಶಾಲೆಯ ಮಕ್ಕಳಿಗೆ ಬಹುಮಾನ ಕೊಡುವಂಥ, ಬಂಗಾರದ ಅಂಚಿನ ಪುಸ್ತಕಗಳು ಅವು. ಕೊನೆಗೆ ಕಣ್ಣು ಹೋಯಿತು. ಕಡಲತೀರದ ಬಾಡಿಗೆ ಕೋಣೆಯೊಂದರಲ್ಲಿ ಸತ್ತ. ಹನ್ನೊಂದು ಜನರ ಬದುಕು ಬರೆದವನ ಬದುಕನ್ನು ಬರೆಯುವವರು ಯಾರೂ ಸಿಗಲಿಲ್ಲ. ನಾನು ಬರೆಯುತ್ತೇನೆ ಎಂದುಕೊಂಡೆ. ಧಾರವಾಡದ ಪ್ರಕಾಶಕ ಗೆಳೆಯ ಒಪ್ಪಿಯೂ ಆಗಿತ್ತು.

ಪಾದ್ರಿಯ ಪುಸ್ತಕದಲ್ಲಿ ಒಂದು ವಾಕ್ಯವಿತ್ತು. ಪಾದ್ರಿ ತನ್ನ ಬುದ್ಧಿಶಕ್ತಿಯಿಂದ ಕನ್ನಡದ ನೂರಾರು ಅಚ್ಚುಮೊಳೆಗಳನ್ನು ಕಡಿಮೆ ಮಾಡಿ, ಒತ್ತು ಮತ್ತು ಕಾಗುಣಿತಗಳನ್ನು ಬಿಡಿ ತುಂಡುಗಳಾಗಿ ಜೋಡಿಸುವ ಹೊಸ ಪದ್ಧತಿ ಕಂಡುಹಿಡಿದ, ಇದರಲ್ಲಿ ನಂಬಿಗಸ್ತನಾದ ಮೊಳೆ ಜೋಡಿಸುವ ಒಬ್ಬ ದೇಶೀಯ ಕಂಪಾಸಿಟರ್ ಅವನಿಗೆ ನೆರವಾದ ಎಂದು. ಅಷ್ಟೇ. ಆ ಕಂಪಾಸಿಟರನಿಗೆ ಹೆಸರಿಲ್ಲ. ನನ್ನ ಅಪ್ಪ ಗದಗಿನಲ್ಲಿ ಮೂವತ್ತು ವರ್ಷ ಮೊಳೆ ಜೋಡಿಸಿದವರು. ಕಾಗುಣಿತ ಗೊತ್ತಿಲ್ಲದ ಪ್ರೆಸ್ ಮಾಲೀಕರಿಗೆ ಅವರು ಕೆಲಸ ಹೇಳಿಕೊಡುವುದನ್ನು ನೋಡಿ ಬೆಳೆದವನು ನಾನು. ಕನ್ನಡ ತಡವರಿಸಿ ಓದುತ್ತಿದ್ದ ಪಾದ್ರಿ ಒತ್ತಕ್ಷರದ ಮೊಳೆಪೆಟ್ಟಿಗೆಯನ್ನು ಹೊಸದಾಗಿ ಹೊಂದಿಸಿದ ಎಂದರೆ ನಂಬಲಾಗಲಿಲ್ಲ.

ಆ ಪುಸ್ತಕಕ್ಕಾಗಿ ಪೆನ್ವಿಕ್ ಮಾಡಿಕೊಂಡ ಟಿಪ್ಪಣಿಗಳ ನೋಟ್‌ಬುಕ್ ಇಂಗ್ಲೆಂಡಿನ ಒಂದು ಊರಿನ ಲೈಬ್ರರಿಯಲ್ಲಿ ಉಳಿದಿದೆ ಎಂದು ಆ ಏಪ್ರಿಲ್‌ನಲ್ಲಿ ತಿಳಿಯಿತು. ಬರೆದು ಕೇಳಿದೆ. ನಲವತ್ತು ಪುಟಗಳ ಕಪ್ಪು ಬಿಳುಪು ಸ್ಕ್ಯಾನ್ ಬಂತು. ತೆರೆದರೆ ಪೂರ್ತಿ ಶಾರ್ಟ್‌ಹ್ಯಾಂಡ್. ಇರುವೆ ಶಾಯಿಯಲ್ಲಿ ಬಿದ್ದು ಕಾಗದದ ಮೇಲೆ ನಡೆದಂತೆ.

ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಶಾರ್ಟ್‌ಹ್ಯಾಂಡ್ ಬಲ್ಲವರು ಇದ್ದಾರೆಯೇ ಎಂದು ಕೇಳಿದೆ. ಅದು ಯಾವ ಆ್ಯಪ್ ಎಂದು ಇಬ್ಬರು ಕೇಳಿದರು. ಮೂರನೆಯ ದಿನ ಒಂದು ಧ್ವನಿಸಂದೇಶ ಬಂತು. “ನನಗೆ ಬರ್ತದೆ. ಶುಕ್ರವಾರ ಸಂಜೆ ಅಜೀಜಿಯಾಕ್ಕೆ ಬನ್ನಿ. ಫೋನಿನಲ್ಲಿ ತೋರಿಸುದು ಬೇಡ, ದೊಡ್ಡದಾಗಿ ಪ್ರಿಂಟ್ ತೆಗೆದು ತನ್ನಿ.”

ಅವರೇ ವಸಂತಿ ಅಕ್ಕ. ಮಂಗಳೂರಿನ ಕಡೆಯವರು, ಮನೆಮಾತು ತುಳು. ಮೂವತ್ನಾಲ್ಕು ವರ್ಷ ದೋಹಾದ ಒಂದೇ ಕಚೇರಿಯಲ್ಲಿ ಸೆಕ್ರೆಟರಿಯಾಗಿ ದುಡಿದು ಆ ವರ್ಷ ನಿವೃತ್ತರಾಗಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಸೆಪ್ಟೆಂಬರ್ ಕೊನೆಗೆ ಅವರ ವೀಸಾ ಮುಗಿಯುತ್ತಿತ್ತು. ಮನೆಯಲ್ಲಿ ಆಗಲೇ ಅರ್ಧ ಸಾಮಾನು ರಟ್ಟಿನ ಪೆಟ್ಟಿಗೆಗಳಲ್ಲಿತ್ತು.

ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಓದಾಕ ಬರ್ತದೇನ್ರಿ ಅಕ್ಕಾರ?” ಎಂದೆ.

“ಹಳೆ ಕಾಲದ್ದು ಇದು. ನಾವು ಇನ್‌ಸ್ಟಿಟ್ಯೂಟಿನಲ್ಲಿ ಕಲ್ತದ್ದು ಸ್ವಲ್ಪ ಬೇರೆ. ಆದ್ರೆ ಬುಡ ಒಂದೇ. ಕೈ ಮಾತ್ರ ಭಾರಿ ಒಳ್ಳೇದುಂಟು ಇವಂದು.” ಮತ್ತೆ ಕನ್ನಡಕ ಸರಿಪಡಿಸಿಕೊಂಡು, “ನನ್ನ ಹತ್ರ ಹದಿನಾಲ್ಕು ಶುಕ್ರವಾರ ಉಂಟು. ಆಮೇಲೆ ಖಲಾಸ್. ತಡ ಮಾಡ್ಬೇಡಿ,” ಎಂದರು.

ಅಲ್ಲಿಂದ ಪ್ರತಿ ಶುಕ್ರವಾರ ಸಂಜೆ ಹೋದೆ. ಬಸ್ಸಿಳಿದು ಅವರ ಮನೆ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಅವರು ಮಜ್ಜಿಗೆ ಕೊಡುತ್ತಿದ್ದರು, ಎಸಿಯ ಎದುರಿನ ಕುರ್ಚಿಯಲ್ಲಿ ಐದು ನಿಮಿಷ ಕೂರಿಸುತ್ತಿದ್ದರು, ನಂತರವೇ ಕೆಲಸ. ಅವರು ಒಂದೊಂದೇ ಗೆರೆ ಓದಿ ಇಂಗ್ಲಿಷಿನಲ್ಲಿ ಹೇಳುವುದು, ನಾನು ಬರೆದುಕೊಳ್ಳುವುದು. ಕೆಲವು ಸಂಜೆ ಒಂದು ಪುಟ, ಕೆಲವು ಸಂಜೆ ನಾಲ್ಕು ಸಾಲು. ಅಂದಾಜಿನಲ್ಲಿ ಓದಿ ಮುಂದೆ ಹೋಗೋಣ ಎಂದು ನಾನು ಅವಸರಪಟ್ಟರೆ ಪೆನ್ಸಿಲ್ ಕೆಳಗಿಡುತ್ತಿದ್ದರು. “ನಮ್ಮ ಬಾಸ್ ಹೇಳದ್ದನ್ನು ನಾನು ಒಂದು ದಿನವೂ ಟೈಪ್ ಮಾಡ್ಲಿಲ್ಲ. ಈ ಮನುಷ್ಯ ಬರೆಯದ್ದನ್ನು ಓದುದೂ ಇಲ್ಲ.”

ಮೊದಲ ಹತ್ತು ಪುಟಗಳಲ್ಲಿ ಏನೂ ಇರಲಿಲ್ಲ. ಪಾದ್ರಿಯ ಬಾಲ್ಯ, ಹಡಗಿನ ಪ್ರಯಾಣ, ಜ್ವರ. ಜುಲೈ ಪೂರ್ತಿ ಹೀಗೇ ಹೋಯಿತು. ಆಫೀಸಿನಲ್ಲಿ ಆ ತಿಂಗಳು ಸೈಟಿನ ನಕ್ಷೆಗಳೆಲ್ಲ ಬದಲಾಗಿ ನನಗೆ ಎರಡು ಶುಕ್ರವಾರ ರಜೆ ಸಿಗಲಿಲ್ಲ. ಹದಿನಾಲ್ಕರಲ್ಲಿ ಎರಡು ಹೋಯಿತಲ್ಲ ಎಂದು ಕಂಪ್ಯೂಟರ್ ಎದುರು ಹಲ್ಲು ಕಡಿಯುತ್ತ ಕೂತಿದ್ದೆ.

ಆಗಸ್ಟ್‌ನ ಮೊದಲ ವಾರ ಪಾದ್ರಿಯ ವಿಧವೆಯ ಮಾತು ಶುರುವಾಯಿತು. ಪೆನ್ವಿಕ್ ಅವಳ ಮನೆಗೆ ಹೋಗಿ ಮೂರು ದಿನ ಕೂತು ಬರೆದುಕೊಂಡಿದ್ದ. ವಸಂತಿ ಅಕ್ಕ ಓದುತ್ತ ಓದುತ್ತ ಒಮ್ಮೆ ನಿಂತು ನನ್ನನ್ನು ನೋಡಿದರು.

“ಕೇಳಿ ಇದನ್ನು. ‘ನನ್ನ ಗಂಡನಿಗೆ ಕನ್ನಡದ ಅಕ್ಷರಗಳು ಕೊನೆಯವರೆಗೂ ಸರಿಯಾಗಿ ಬರಲಿಲ್ಲ. ಮೊಳೆಪೆಟ್ಟಿಗೆಯನ್ನು ಬಿಡಿಸಿ ಹೊಸದಾಗಿ ಹೊಂದಿಸಿದ್ದು ಆ ಕಂಪಾಸಿಟರ್. ಗಂಡ ಅದನ್ನು ಊರಿಗೆ ಬರೆದ ಕಾಗದದಲ್ಲಿ ತನ್ನದೆಂದು ಹೇಳಿದರು. ಆಮೇಲೆ ತಿದ್ದಲು ನಾಚಿಕೆಪಟ್ಟರು.’”

ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡೆ. ಮುಂದಿನ ವಾರ ಇನ್ನಷ್ಟು ಸಿಕ್ಕಿತು. ಸೀಸದ ಮೊಳೆ ಹಿಡಿದೂ ಹಿಡಿದೂ ಆ ಕಂಪಾಸಿಟರನ ಕೈ ನಡುಗತೊಡಗಿತ್ತು. ಆಗ ಅವನನ್ನು ಕೆಲಸದಿಂದ ಬಿಡಿಸಿದರು. ಅವನು ಮಾತ್ರ ದಿನವೂ ಬಂದು ಅಚ್ಚುಕೂಟದ ಮೆಟ್ಟಿಲ ಮೇಲೆ ಕೂತು, ಹೊಸಬರು ತಪ್ಪು ಜೋಡಿಸಿದ್ದನ್ನು ಬಾಯಲ್ಲೇ ಹೇಳಿ ತಿದ್ದಿಸುತ್ತಿದ್ದನಂತೆ. ಇಷ್ಟನ್ನೂ ವಿಧವೆ ಹೇಳಿದ್ದಳು. ಪೆನ್ವಿಕ್ ಇಷ್ಟನ್ನೂ ಬರೆದುಕೊಂಡಿದ್ದ. ಪಕ್ಕದ ಅಂಚಿನಲ್ಲಿ ಅವನೇ ಸಣ್ಣದಾಗಿ ಇನ್ನೊಂದು ಮಾತು ಬರೆದಿದ್ದ. ವಸಂತಿ ಅಕ್ಕ ಅದನ್ನು ಎರಡು ಸಲ ಓದಿ ಖಚಿತಪಡಿಸಿಕೊಂಡು ಹೇಳಿದರು: “‘ಬಿಡುವುದು. ಪ್ರಕಾಶಕರಿಗೆ ಹಿಡಿಸದು.’”

ಅವತ್ತು ಬಸ್ಸಿನಲ್ಲಿ ಮುಐದರ್‌ಗೆ ವಾಪಸಾಗುವಾಗ ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಒಂಬತ್ತು ವರ್ಷ ನಾನು ಈ ಮನುಷ್ಯನನ್ನು ಹೊತ್ತು ತಿರುಗಿದ್ದೆ. ಗಣಿಯಲ್ಲಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ವರದಿಯಲ್ಲಿ ಬರೆದ ಹುಡುಗ ಎಂದು ಅವನನ್ನು ಹೊಗಳಿ ಎರಡು ಅಧ್ಯಾಯ ಬರೆದಿಟ್ಟಿದ್ದೆ. ಆ ಅಧ್ಯಾಯಗಳನ್ನು ಏನು ಮಾಡಲಿ? ಮುಂದಿನ ಶುಕ್ರವಾರ ಇದನ್ನೇ ವಸಂತಿ ಅಕ್ಕನ ಮುಂದೆ ಹೇಳಿಕೊಂಡೆ.

“ಇವನಂಥ ಹೇಡಿ ಬ್ಯಾರೆ ಇಲ್ರಿ ಅಕ್ಕಾರ. ಗೊತ್ತಿದ್ದೂ ಬಿಟ್ಟಾನ.”

ಅವರು ಮಜ್ಜಿಗೆಯ ಲೋಟ ನನ್ನ ಕಡೆ ದೂಡಿದರು. “ಬಿಟ್ಟ, ಹೌದು. ಆದ್ರೆ ಬರ್ಕೊಂಡಿದ್ದಾನಲ್ಲ. ಹರಿದು ಹಾಕ್ಲಿಲ್ಲ. ನೀವು ನಮ್ಮಂಥ ಬರ್ಕೊಳ್ಳುವವರನ್ನು ನೋಡಿಲ್ಲ ಬಸವರಾಜ್. ನಾನು ಮೂವತ್ನಾಲ್ಕು ವರ್ಷ ಮೀಟಿಂಗಿನಲ್ಲಿ ಕೂತು ಬರ್ಕೊಂಡದ್ದರಲ್ಲಿ ಟೈಪ್ ಆಗಿ ಮೇಲಿನವರಿಗೆ ಹೋದದ್ದು ಎಷ್ಟು ಅಂತ ನನಗೊಬ್ಬಳಿಗೇ ಗೊತ್ತು.” ಪೆನ್ಸಿಲ್ ಕೈಗೆತ್ತಿಕೊಂಡು, “ಇವ ಒಳ್ಳೆಯವ ಅಂತ ನಾನು ಹೇಳುದಿಲ್ಲ. ನೀವು ಎರಡನ್ನೂ ಬರೀರಿ. ಆ ಕಂಪಾಸಿಟರನ ಹೆಸರು ಸಿಕ್ಕಿದ್ರೆ ಮೊದಲು ಅದನ್ನು ಬರೀರಿ,” ಎಂದರು.

ಹೆಸರು ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ, ಮೂವತ್ತೆಂಟನೆಯ ಪುಟದ ಅಂಚಿನಲ್ಲಿ. ಕಂಪಾಸಿಟರನ ಹೆಸರೇನು ಎಂದು ಪೆನ್ವಿಕ್ ಕೊನೆಗೆ ವಿಧವೆಯನ್ನು ಕೇಳಿರಬೇಕು. ಪುಟದ ಒಂದು ಮೂಲೆಯಲ್ಲಿ ಒಂದೇ ಒಂದು ಪದ ಬರೆದು ಸುತ್ತ ಗೆರೆ ಎಳೆದಿದ್ದ. ವಸಂತಿ ಅಕ್ಕ ಭೂತಗನ್ನಡಿ ತಂದರು.

“ಮ, ನ, ಪ,” ಎಂದರು.

“ಮೋನಪ್ಪ,” ಎಂದೆ ನಾನು ತಕ್ಷಣ. ಕರಾವಳಿಯಲ್ಲಿ ಮನೆಗೊಬ್ಬ ಮೋನಪ್ಪ ಇದ್ದ ಕಾಲ ಅದು.

“ಅವಸರ ಮಾಡ್ಬೇಡಿ. ಶಾರ್ಟ್‌ಹ್ಯಾಂಡಿನಲ್ಲಿ ವ್ಯಂಜನ ಮಾತ್ರ ಬರೀತೇವೆ. ಸ್ವರಕ್ಕೆ ಚುಕ್ಕಿ ಹಾಕ್ಬೇಕು, ಅವಸರದಲ್ಲಿ ಯಾರೂ ಹಾಕುದಿಲ್ಲ. ಆದ್ರೆ ಪದ ಎಲ್ಲಿ ಕೂತಿದೆ ಅಂತ ನೋಡಿದ್ರೆ ಗೊತ್ತಾಗ್ತದೆ. ಕಾಗದದ ಗೆರೆಗಿಂತ ಮೇಲೆ ಬರೆದ್ರೆ ಮೊದಲ ಸ್ವರ ಆ. ಗೆರೆಗೆ ತಾಗಿ ಕೂತಿದ್ರೆ ಓ.”

“ಹಂಗಾದ್ರ ಇದು ಯಾವುದ್ರಿ?”

ಅವರು ಪ್ರಿಂಟನ್ನು ನನ್ನ ಕಡೆ ತಿರುಗಿಸಿದರು. “ಗೆರೆ ಎಲ್ಲಿದೆ?”

ಗೆರೆ ಇರಲಿಲ್ಲ. ನೋಟ್‌ಬುಕ್ಕಿನ ತೆಳುನೀಲಿ ಗೆರೆಗಳು ಕಪ್ಪು ಬಿಳುಪು ಸ್ಕ್ಯಾನಿನಲ್ಲಿ ಬಂದೇ ಇರಲಿಲ್ಲ. ಬೇರೆ ಪುಟಗಳಲ್ಲಿ ಸುತ್ತಲಿನ ಸಾಲುಗಳಿಂದ ಅವರು ಅಂದಾಜು ಮಾಡಿಕೊಂಡಿದ್ದರು. ಇಲ್ಲಿ ಪದ ಒಂಟಿಯಾಗಿ ಮೂಲೆಯಲ್ಲಿತ್ತು. ಮೋನಪ್ಪನೂ ಆಗಬಹುದು, ಮಾನಪ್ಪನೂ ಆಗಬಹುದು.

ಅವತ್ತೇ ಲೈಬ್ರರಿಗೆ ಬರೆದೆ. ಆ ಒಂದು ಪುಟದ ಬಣ್ಣದ ಚಿತ್ರ ಬೇಕು, ಬೇಗ ಬೇಕು. ಕಂಪ್ಯೂಟರ್ ತಾನಾಗಿ ಕಳಿಸುವ ಉತ್ತರ ಬಂತು: ನಿಮ್ಮ ಪತ್ರ ತಲುಪಿದೆ. ಒಂದು ವಾರ ಕಾದು ಮತ್ತೆ ಬರೆದೆ. ಕಟ್ಟಡದ ದುರಸ್ತಿ ನಡೆಯುತ್ತಿದೆ, ಹಸ್ತಪ್ರತಿಗಳನ್ನು ಬೇರೆಡೆ ಸಾಗಿಸಲಾಗಿದೆ, ಮುಂದಿನ ವಸಂತಕಾಲದವರೆಗೆ ತೆಗೆಯಲಾಗದು ಎಂದು ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ ಉತ್ತರಿಸಿದಳು. ಫೋನ್ ಮಾಡಿದೆ. ಅದನ್ನೇ ಅಷ್ಟೇ ಮರ್ಯಾದೆಯಿಂದ ಹೇಳಿದಳು. ಯಾರ ಮೇಲೂ ಕೂಗಾಡುವ ಹಾಗಿರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಕೊನೆಯ ಶುಕ್ರವಾರ ವಸಂತಿ ಅಕ್ಕನ ಮನೆಯಲ್ಲಿ ಕುರ್ಚಿಗಳೂ ಇರಲಿಲ್ಲ. ಒಂದು ಪೆಟ್ಟಿಗೆಯ ಮೇಲೆ ಅವರು, ಇನ್ನೊಂದರ ಮೇಲೆ ನಾನು. ನಲವತ್ತು ಪುಟವೂ ಮುಗಿದಿತ್ತು.

“ಅಕ್ಕಾರ, ನಿಮಗ ಏನ ಅನಸ್ತದ? ಮೋನಪ್ಪನೋ ಮಾನಪ್ಪನೋ? ನೀವು ಹೇಳಿದ್ದನ್ನ ಬರಿತೀನಿ.”

“ನನಗೆ ಅನಿಸುದರಿಂದ ಎಂತ ಆಗ್ಬೇಕು? ಗೆರೆ ಸಿಗುವವರೆಗೆ ಹೆಸರು ಬರೀಬೇಡಿ. ಮ, ನ, ಪ ಅಂತಲೇ ಬರೀರಿ. ಓದುವವರು ಕಾಯ್ಲಿ.” ಬಾಗಿಲವರೆಗೆ ಬಂದು, ನಾನು ಚಪ್ಪಲಿ ಹಾಕಿಕೊಳ್ಳುವಾಗ ಮತ್ತೊಮ್ಮೆ ಹೇಳಿದರು. “ಹೆಸರು ಅಂದಾಜಿನಲ್ಲಿ ಬರೀಬೇಡಿ ಆಯ್ತಾ.” ಎರಡು ದಿನದ ನಂತರ ಅವರ ವಿಮಾನ ಹೋಯಿತು. ಆಫೀಸಿನಿಂದ ಬಿಡದ ಕಾರಣ ಕಳಿಸಿಕೊಡಲು ಹೋಗಲೂ ಆಗಲಿಲ್ಲ.

ಪುಸ್ತಕ ಬರೆದು ಮುಗಿಸಿದ್ದು ಡಿಸೆಂಬರ್‌ನಲ್ಲಿ. ಕಂಪಾಸಿಟರನ ಅಧ್ಯಾಯಕ್ಕೆ ‘ಮ-ನ-ಪ’ ಎಂದೇ ತಲೆಬರಹ ಕೊಟ್ಟಿದ್ದೆ. ಧಾರವಾಡದಿಂದ ಪ್ರಕಾಶಕ ಫೋನ್ ಮಾಡಿದ.

“ಬಸೂ, ಇದೇನೋ ಇದು, ಅಂಗಡಿ ಬೋರ್ಡ್ ಇದ್ದಂಗ ಐತಿ. ಹೆಸರಿಲ್ಲದ ಮನುಷ್ಯಾನ ಮ್ಯಾಲೆ ಇಪ್ಪತ್ತು ಪುಟ ಯಾರು ಓದ್ತಾರ? ಒಂದು ಹೆಸರು ಹಾಕು. ಇಲ್ಲಾ ಅಂದ್ರ ಆ ಅಧ್ಯಾಯ ತಗದುಬಿಡೋಣ.”

“ಏಪ್ರಿಲ್ ತನಕ ತಡಿಯೋ. ಆ ಪುಟದ ಫೋಟೋ ಬರ್ತದ.”

“ಫೆಬ್ರವರಿಗೆ ಪ್ರೆಸ್ ಹಿಡದೇನಿ. ಅದು ತಪ್ಪಿದ್ರ ಮತ್ತೊಂದು ವರ್ಷ ಕಾಯಬೇಕಾಗ್ತದ.”

ನಾಲ್ಕು ದಿನ ತಡೆದೆ. ಐದನೆಯ ದಿನ ಆಫೀಸಿನ ಊಟದ ಬಿಡುವಿನಲ್ಲಿ ಫೈಲು ತೆರೆದು, ಹುಡುಕು ಎಂಬಲ್ಲಿ ‘ಮ-ನ-ಪ’ ಎಂದೂ, ಬದಲಿಸು ಎಂಬಲ್ಲಿ ‘ಮೋನಪ್ಪ’ ಎಂದೂ ಬರೆದು ಗುಂಡಿ ಒತ್ತಿದೆ. ಅರವತ್ತೆರಡು ಕಡೆ ಬದಲಾಯಿತು. ಒಂದು ಸೆಕೆಂಡೂ ಹಿಡಿಯಲಿಲ್ಲ. ಕರಾವಳಿಯಲ್ಲಿ ಮೋನಪ್ಪನೇ ಹೆಚ್ಚು, ಆಗಿದ್ದರೆ ಅದೇ ಆಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಡಿಟಿಪ್ಪಣಿಯಲ್ಲಾದರೂ ಅನುಮಾನ ಹೇಳಬಹುದಿತ್ತು. ಹೇಳಲಿಲ್ಲ. ಅನುಮಾನ ಇದೆ ಎಂದರೆ ಪ್ರಕಾಶಕ ಮತ್ತೆ ತೆಗೆಯೋಣ ಎನ್ನುತ್ತಾನೆ ಎಂದು ಹೆದರಿದ್ದೆ.

ಪುಸ್ತಕ ಬಂತು. ಪೆನ್ವಿಕ್ ಬಗ್ಗೆ ಯಾರೂ ಮಾತಾಡಲಿಲ್ಲ. ಎಲ್ಲರೂ ಮೋನಪ್ಪನ ಬಗ್ಗೆ ಮಾತಾಡಿದರು. ಒಂದು ಪತ್ರಿಕೆಯಲ್ಲಿ ‘ಕನ್ನಡ ಮೊಳೆಯ ಮರೆತ ಮೋನಪ್ಪ’ ಎಂದು ಅರ್ಧ ಪುಟ ಬಂತು. ಕರಾವಳಿಯಿಂದ ಸದಾನಂದ ಎಂಬ ನಿವೃತ್ತ ಮಾಸ್ತರರು ನಂಬರ್ ಹುಡುಕಿ ಫೋನ್ ಮಾಡಿದರು. ಅವರ ಮುತ್ತಜ್ಜನ ಹೆಸರು ಮೋನಪ್ಪ, ಅವರು ಯಾವುದೋ ಪ್ರೆಸ್ಸಿನಲ್ಲಿದ್ದರಂತೆ ಎಂದು ಮನೆಯಲ್ಲಿ ಹೇಳುತ್ತಿದ್ದರು. “ನಮ್ಮ ಮುತ್ತಜ್ಜನ ಕೈ ನಡುಗುತ್ತಿತ್ತು ಅಂತ ನಮ್ಮ ತಂದೆ ಹೇಳಿದ್ದುಂಟು ಸರ್,” ಎಂದರು. ನನಗೆ ಬಹಳ ಸಂತೋಷವಾಯಿತು. ಇಡೀ ದಿನ ಆಫೀಸಿನಲ್ಲಿ ನಗುತ್ತ ಓಡಾಡಿದೆ. ಅವರು ಊರಿನ ಯುವಕ ಸಂಘದ ವಾಚನಾಲಯಕ್ಕೆ ಮುತ್ತಜ್ಜನ ಹೆಸರಿಡಿಸಿದರು. ಬೋರ್ಡಿನ ಫೋಟೋ ಕಳಿಸಿದರು.

ಬಣ್ಣದ ಚಿತ್ರ ಬಂದದ್ದು ಮೇ ತಿಂಗಳಲ್ಲಿ. ತಡವಾದುದಕ್ಕೆ ಕ್ಷಮೆ ಕೇಳಿ ಅದೇ ಹೆಂಗಸು ಕಳಿಸಿದ್ದಳು. ತೆರೆದರೆ ನೀಲಿ ಗೆರೆಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ ಶಾರ್ಟ್‌ಹ್ಯಾಂಡ್ ಬಾರದ ನನಗೂ ಕಾಣಿಸಿತು. ಆದರೂ ವಸಂತಿ ಅಕ್ಕನಿಗೆ ಕಳಿಸಿದೆ. ನಾನು ಕಳಿಸಿಕೊಟ್ಟಿದ್ದ ಪುಸ್ತಕ ಅವರ ಕೈಗೆ ಆಗಲೇ ತಲುಪಿತ್ತು. ಓದಿದರೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಅವರಾಗಿ ಹೇಳಿರಲೂ ಇಲ್ಲ.

ಹತ್ತು ನಿಮಿಷದಲ್ಲಿ ಅವರ ಫೋನ್ ಬಂತು.

“ಗೆರೆಗಿಂತ ಮೇಲೆ ಉಂಟು. ಮಾನಪ್ಪ.”

ನನಗೂ ಹಾಗೇ ಕಂಡಿತು ಎಂದೆ.

“ನಿಮ್ಮ ಪುಸ್ತಕ ಓದಿದ್ದೆ. ನಿಮಗೆ ಬೇರೆ ಎಲ್ಲಿಂದಲೋ ಗೊತ್ತಾಗಿರ್ಬೇಕು ಅಂದುಕೊಂಡೆ. ಗೊತ್ತಾಗಿತ್ತಾ?”

“ಇಲ್ರಿ ಅಕ್ಕಾರ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಅಯ್ಯೋ,” ಎಂದು ಸಣ್ಣದಾಗಿ ಅಂದು, ಆರೋಗ್ಯ ವಿಚಾರಿಸಿ, ಫೋನ್ ಇಟ್ಟರು. ಆಮೇಲೆ ನಮ್ಮ ನಡುವೆ ಹಬ್ಬದ ಶುಭಾಶಯಗಳಷ್ಟೇ ಉಳಿದವು.

ತಿದ್ದುಪಡಿಯ ಚೀಟಿ ಅಚ್ಚು ಹಾಕಿಸಿ ಉಳಿದ ಪ್ರತಿಗಳಿಗೆ ಅಂಟಿಸೋಣ ಎಂದು ಪ್ರಕಾಶಕನಿಗೆ ಹೇಳಿದೆ. ಪ್ರತಿಗಳು ಉಳಿದಿಲ್ಲ, ಎರಡನೇ ಮುದ್ರಣ ಆದರೆ ನೋಡೋಣ ಎಂದ. ಎರಡನೇ ಮುದ್ರಣ ಆಗಿಲ್ಲ.

ಸದಾನಂದ ಮಾಸ್ತರರಿಗೆ ಹೇಳಲು ಮೂರು ವಾರ ತೆಗೆದುಕೊಂಡೆ. ಕಾಗದ ಬರೆಯೋಣ ಎಂದು ಕೂತು ಎರಡು ಸಲ ಹರಿದೆ. ಕೊನೆಗೆ ಒಂದು ಶುಕ್ರವಾರ ಬೆಳಿಗ್ಗೆ, ವಿಲ್ಲಾದಲ್ಲಿ ಉಳಿದವರೆಲ್ಲ ಇನ್ನೂ ಮಲಗಿದ್ದಾಗ, ಅಡುಗೆಮನೆಯಲ್ಲಿ ನಿಂತು ಫೋನ್ ಮಾಡಿದೆ. ಶಾರ್ಟ್‌ಹ್ಯಾಂಡ್, ಗೆರೆ, ಆ, ಓ, ಎಲ್ಲವನ್ನೂ ವಿವರಿಸಿದೆ. ಅವರು ಮಾಸ್ತರರು, ಬೇಗ ಅರ್ಥ ಮಾಡಿಕೊಂಡರು.

“ಹಾಗಾದ್ರೆ ಅದು ನಮ್ಮ ಮುತ್ತಜ್ಜ ಅಲ್ಲ ಅಂತಲಾ?”

“ನಿಮ್ಮ ಮುತ್ತಜ್ಜನೂ ಆ ಪ್ರೆಸ್ಸಿನ್ಯಾಗ ಇದ್ದಿರಬಹುದ್ರಿ. ಆದ್ರ ಪೆಟ್ಟಿಗಿ ಹೊಂದಿಸಿದವರು ಮಾನಪ್ಪ ಅಂತ. ಅವರು ಯಾರು, ಎಲ್ಲಿಯವರು, ನನಗ ಗೊತ್ತಿಲ್ರಿ.”

ಆ ಕಡೆ ಯಾರೋ ಅವರನ್ನು ಚಹಾಕ್ಕೆ ಕರೆಯುವುದು ಕೇಳಿಸಿತು.

“ಅಲ್ಲ ಸರ್,” ಎಂದರು ಕೊನೆಗೆ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವ ಹಾಗೆ. “ಮೋನಪ್ಪ ಅಂತ ನೀವೇ ಅಲ್ವಾ ಬರೆದದ್ದು?”

ಹೌದು ಎಂದೆ.